ರಕ್ತದ ವರದಿಯಲ್ಲಿ ಸಿ.ಆರ್.ಪಿ.: ಅಂಕಿಯ ಪಕ್ಕದ ಅಳತೆಯನ್ನೂ ಓದಿ
(ಆರೋಗ್ಯ ಶಿಬಿರದಲ್ಲಿ ಮಾಡಿದ ಮಾತು)

ಬಿ.ಪಿ., ಸಕ್ಕರೆ ನೋಡಿಸಿಕೊಂಡು ಬಂದು ಕುಳಿತಿದ್ದೀರಿ. ಕಾಫಿ ಬರುವುದರೊಳಗೆ ಮುಗಿಸುತ್ತೇನೆ.

ಕೋವಿಡ್ ಕಾಲದಲ್ಲಿ ಸಿ.ಆರ್.ಪಿ., ಡಿ-ಡೈಮರ್, ಫೆರಿಟಿನ್ ಎಂಬ ಹೆಸರುಗಳು ನಮ್ಮ ಮನೆಮಾತಾದವು. ಅದಕ್ಕೂ ಮೊದಲೇ, 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯ ಹಬ್ಬಿ ಕೀಲುನೋವು ತಿಂಗಳುಗಟ್ಟಲೆ ಉಳಿದಾಗ, ನಿಮ್ಮಲ್ಲಿ ಕೆಲವರು ಸಿ.ಆರ್.ಪಿ. ಮಾಡಿಸಿರಬಹುದು. ಇಂದು ಅದೊಂದರ ಬಗ್ಗೆಯೇ ಮಾತು.

ಎರಡು ವರ್ಷದ ಹಿಂದಿನದು. ಹಾಸನದ ಕಡೆಯ ಒಬ್ಬ ತಾಯಿ, ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು, ಮಸ್ಕತ್‌ಗೆ ಮಗಳ ಮನೆಗೆ ಬಂದರು. ಹೊರಡುವ ಮುನ್ನ ಊರಲ್ಲಿ ಜ್ವರ ಬಂದಿತ್ತು. ಮೂತ್ರದ ಸೋಂಕು ಎಂದು ಮಾತ್ರೆ ಕೊಟ್ಟಿದ್ದರು. ಅಲ್ಲಿಯ ವರದಿಯಲ್ಲಿ ಸಿ.ಆರ್.ಪಿ. 42. ಇಲ್ಲಿಗೆ ಬಂದ ನಾಲ್ಕನೇ ದಿನ ಮತ್ತೆ ರಕ್ತ ಕೊಟ್ಟರು: 6.1. "ನಲವತ್ತೆರಡು ಇದ್ದದ್ದು ಆರಕ್ಕೆ ಇಳಿದಿದೆ ಡಾಕ್ಟ್ರೇ" ಎಂದು ಮಗಳು ಸಂತೋಷದಿಂದ ಫೋನ್ ಮಾಡಿದರು. ಅಮ್ಮ ಊಟ ಮಾಡ್ತಿದ್ದಾರಾ ಎಂದೆ. "ಇಲ್ಲ, ಮಲಗೇ ಇರ್ತಾರೆ. ಪ್ರಯಾಣದ ಸುಸ್ತು ಅಂತಾರೆ." ಎರಡೂ ವರದಿಗಳ ಫೋಟೋ ತರಿಸಿ ನೋಡಿದೆ. ಊರಿನದು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಇಲ್ಲಿಯದು ಡೆಸಿಲೀಟರಿಗೆ, ಅಂದರೆ ಲೀಟರಿನ ಹತ್ತನೇ ಒಂದು ಭಾಗಕ್ಕೆ. ಊರಿನ ಲೆಕ್ಕದಲ್ಲಿ ಹೇಳಿದರೆ 6.1 ಎಂಬುದು 61. ಇಳಿದಿರಲಿಲ್ಲ, ಏರಿತ್ತು. ಸ್ಕ್ಯಾನ್ ಮಾಡಿದಾಗ ಕಿಡ್ನಿಯ ಹತ್ತಿರ ಕೀವು ಕಟ್ಟಿತ್ತು. ಅದನ್ನು ತೆಗೆದು, ಸೂಜಿಯ ಮೂಲಕ ಔಷಧಿ ಕೊಟ್ಟ ಮೇಲೆ ಆಕೆ ಹುಷಾರಾದರು. ಇನ್ನೆರಡು ದಿನ ತಡವಾಗಿದ್ದರೆ ಹೇಗಿರುತ್ತಿತ್ತೋ, ನಾನು ಯೋಚಿಸಲು ಹೋಗುವುದಿಲ್ಲ.

ಸಿ.ಆರ್.ಪಿ. ಎಂಬುದು ನಮ್ಮ ಲಿವರ್ ತಯಾರಿಸುವ ಒಂದು ಪ್ರೋಟೀನು. ದೇಹದಲ್ಲಿ ಎಲ್ಲಿಯಾದರೂ ಸೋಂಕು, ಪೆಟ್ಟು, ಉರಿಯೂತ ಆದರೆ ಅಲ್ಲಿಯ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಕಳಿಸುತ್ತವೆ. ಲಿವರ್ ಆರೇಳು ಗಂಟೆಯೊಳಗೆ ಈ ಪ್ರೋಟೀನನ್ನು ರಕ್ತಕ್ಕೆ ಬಿಡಲು ಶುರು ಮಾಡುತ್ತದೆ. ಎರಡು ದಿನದ ಹೊತ್ತಿಗೆ ಏರಿಕೆ ತುದಿ ಮುಟ್ಟುತ್ತದೆ. ಕಾರಣ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಆದ್ದರಿಂದಲೇ ವೈದ್ಯರು "ಎರಡು ದಿನ ಬಿಟ್ಟು ಮತ್ತೆ ನೋಡೋಣ" ಎನ್ನುವುದು. ಸುಮ್ಮನೆ ದುಡ್ಡು ಕೀಳಲು ಅಲ್ಲ!

ಇದನ್ನು ಕಂಡುಹಿಡಿದದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ, ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ವೈದ್ಯರು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ನ್ಯುಮೋನಿಯಾ ರೋಗಾಣುವಿನಿಂದ ತೆಗೆದ 'ಸಿ' ಎಂಬ ಅಂಶವನ್ನು ರೋಗಿಯ ರಕ್ತದ ತಿಳಿಗೆ ಬೆರೆಸಿದರೆ ಅದು ಮಸುಕಾಗಿ ಗಸಿ ಕಟ್ಟುತ್ತಿತ್ತು. ಅದೇ ರೋಗಿ ಗುಣವಾದ ಮೇಲೆ ಬೆರೆಸಿದರೆ ತಿಳಿಯಾಗಿಯೇ ಉಳಿಯುತ್ತಿತ್ತು. 'ಸಿ'ಯೊಡನೆ ಪ್ರತಿಕ್ರಿಯಿಸುವ ಪ್ರೋಟೀನು ಎಂಬುದರಿಂದಲೇ ಈ ಹೆಸರು. 1947ರಲ್ಲಿ ಮ್ಯಾಕ್ಲಿನ್ ಮೆಕಾರ್ಟಿ ಅದನ್ನು ಹರಳಿನ ರೂಪದಲ್ಲಿ ಶುದ್ಧವಾಗಿ ತೆಗೆದರು. ಆಮೇಲೆ ಮೊಲಗಳಿಗೆ ಚುಚ್ಚಿ ಅದರ ವಿರುದ್ಧದ ಪ್ರತಿಕಾಯ ಪಡೆದು, ಸಣ್ಣ ಗಾಜಿನ ಕೊಳವೆಯಲ್ಲಿ ಗಸಿ ಎಷ್ಟು ಎತ್ತರ ಕೂತಿತೆಂದು ನೋಡಿ ಅಂದಾಜು ಮಾಡುತ್ತಿದ್ದರು.

ನಾನು ಮಂಗಳೂರಿನಲ್ಲಿ ಓದುತ್ತಿದ್ದಾಗ ಕಪ್ಪು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತದ ತಿಳಿ, ಒಂದು ಹನಿ ಲೇಟೆಕ್ಸ್ ಮಣಿಗಳ ದ್ರಾವಣ ಹಾಕಿ ಕಡ್ಡಿಯಿಂದ ಕಲಸುತ್ತಿದ್ದೆವು. ಹಾಲು ಒಡೆದ ಹಾಗೆ ಗಂಟು ಗಂಟಾದರೆ ಪಾಸಿಟಿವ್. ಆಗ ಸಂಜೆಯ ಬೆಳಕಿನಲ್ಲಿ ಇಬ್ಬರು ನೋಡಿದರೆ ಎರಡು ಅಭಿಪ್ರಾಯ! ಈಗ ಯಂತ್ರ ಅದೇ ದ್ರಾವಣದ ಮೂಲಕ ಬೆಳಕು ಹಾಯಿಸಿ, ಎಷ್ಟು ಮಸುಕಾಯಿತೆಂದು ಅಳೆದು ಅಂಕಿ ಕೊಡುತ್ತದೆ. ಆದರೆ ಸಂತೆಯಲ್ಲಿ ಒಬ್ಬೊಬ್ಬರ ಸೇರು ಒಂದೊಂದು ಅಳತೆಯದಾದರೆ ಅಕ್ಕಿ ಕೊಳ್ಳುವುದು ಹೇಗೆ? ಅದಕ್ಕಾಗಿ 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಲ್ಯಾಬುಗಳಿಗೂ ಹೋಲಿಸಿಕೊಳ್ಳಲು ಒಂದು ಮಾನಕ ಮಾದರಿಯನ್ನು ಒದಗಿಸಿತು. ಯಂತ್ರಗಳು ಹೊಂದಿಕೊಂಡವು. ಕಾಗದದ ಮೇಲೆ ಬರೆಯುವ ಪದ್ಧತಿ ಮಾತ್ರ ಎರಡು ಹಾಗೇ ಉಳಿದವು.

ಆದ್ದರಿಂದ ವರದಿ ಬಂದಾಗ ಅಂಕಿಯ ಪಕ್ಕ ನೋಡಿ. ಓರೆಗೀಟಿನ ಆಚೆ 'ಎಲ್' ಒಂದೇ ಇದ್ದರೆ ಲೀಟರ್. ಅದರ ಹಿಂದೆ 'ಡಿ' ಇದ್ದರೆ ಹತ್ತರಿಂದ ಗುಣಿಸಿ. ಕನ್ನಡಕ ಸಿಗದಿದ್ದರೆ ಮೊಮ್ಮಕ್ಕಳಿಂದ ಓದಿಸಿ. ಸಾಮಾನ್ಯವಾಗಿ ಲೀಟರಿಗೆ 5ರೊಳಗೆ ಇದ್ದರೆ ಸರಿ. ಕೆಲವು ಲ್ಯಾಬಿನಲ್ಲಿ 10. ಹೈ-ಸೆನ್ಸಿಟಿವಿಟಿ ಸಿ.ಆರ್.ಪಿ. ಎಂದು ಪ್ಯಾಕೇಜಿನಲ್ಲಿ ಇರುತ್ತದಲ್ಲ, ಅದೂ ಇದೇ ಪ್ರೋಟೀನು, ಇನ್ನೂ ಸೂಕ್ಷ್ಮವಾಗಿ ಅಳೆದದ್ದು, ಹೃದಯದ ಅಪಾಯ ಅಂದಾಜಿಸಲು. ನೆಗಡಿ, ಹಲ್ಲುನೋವು ಇದ್ದಾಗ ಮಾಡಿಸಬೇಡಿ, ಅರ್ಥವಿಲ್ಲ.

ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು, ಯಾವ ಮನೆಯದು ಎನ್ನಲಾಗದು. ಸಿ.ಆರ್.ಪಿ.ಯೂ ಹಾಗೇ. ಖರೀಫ್ ಮಳೆ ನೋಡಲು ಸಲಾಲಾಕ್ಕೆ ಹೋದಾಗ ರಸ್ತೆ ಬದಿಯಲ್ಲಿ ಒಂಟೆಯ ಹಸಿ ಹಾಲು ಕುಡಿದು ಬಂದವರು ಇದ್ದಾರೆ. ದೊಫಾರ್ ಭಾಗದಲ್ಲಿ ಬ್ರುಸೆಲ್ಲೋಸಿಸ್ ಇದೆ. ವಾರಗಟ್ಟಲೆ ಜ್ವರ, ಬೆವರು, ಬೆನ್ನುನೋವು ಬರುತ್ತದೆ, ಆಗ ಸಿ.ಆರ್.ಪಿ. ಸ್ವಲ್ಪವೇ ಏರಿರಬಹುದು. ಹಾಲು ಕುಡಿದದ್ದನ್ನು ನೀವು ಹೇಳಿದರೆ ಮಾತ್ರ ನಮಗೆ ಸರಿಯಾದ ಪರೀಕ್ಷೆ ಹೊಳೆಯುತ್ತದೆ. ಕಾಯಿಸಿ ಕುಡಿಯಿರಿ.

ಇನ್ನೊಂದು. ವಯಸ್ಸಾದ ಮೇಲೆ ದೊಡ್ಡ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಪ್ಯಾರಾಸಿಟಮಾಲ್ ನುಂಗಿದರೆ ಮೈ ತಣ್ಣಗಾಗುತ್ತದೆ, ಒಳಗಿನ ಸಿ.ಆರ್.ಪಿ. ಇಳಿಯುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅಂಕಿ ಸುಳ್ಳಾಗಿ ಕಡಿಮೆ ಕಾಣಬಹುದು, ಆ ಮಾತ್ರೆಯ ಹೆಸರು ಹೇಳಿ. ಊಟ ಸೇರದಿದ್ದರೆ, ಮಾತು ತಡವರಿಸಿದರೆ, ಹಗಲೆಲ್ಲ ಮಂಪರು ಇದ್ದರೆ ಅದನ್ನು ಮಕ್ಕಳಿಗೆ ಹೇಳಿ. "ಇಲ್ಲಿ ಖರ್ಚು ಜಾಸ್ತಿ, ಊರಿಗೆ ಹೋದ ಮೇಲೆ ನೋಡಿದರಾಯಿತು" ಎಂದು ಮುಚ್ಚಿಡುವವರು ನಿಮ್ಮಲ್ಲೇ ಇದ್ದೀರಿ, ನನಗೆ ಗೊತ್ತು. ನನ್ನ ತಾಯಿಯೂ ಹಾಗೇ ಮಾಡಿದ್ದರು.

ಊರಿನ ಹಳೆಯ ವರದಿಗಳನ್ನು ತಂದಿದ್ದರೆ ಎಸೆಯಬೇಡಿ, ಪಾಸ್‌ಪೋರ್ಟಿನ ಜೊತೆ ಇಡಿ. ಈಗ ಕೈಯಲ್ಲಿದ್ದರೆ ಬಾಗಿಲ ಪಕ್ಕದ ಮೇಜಿಗೆ ತನ್ನಿ, ಮಧ್ಯಾಹ್ನದವರೆಗೆ ನಾನು ಅಲ್ಲೇ ಇರುತ್ತೇನೆ. ಕಾಫಿ ಬಂತು.