ಅಂದಾಜಿಗೂ ಆಧಾರ ಬೇಕಲ್ವಾ ಸ್ವಾಮಿ?

ಅಂಗಡಿಯವರೊಬ್ಬರು ಕೇಳಿದ್ರು: ‘ಆದಾಯ ತೆರಿಗೆಯವರು ವರ್ಷದ ಲಾಭಕ್ಕಿಂತ ಜಾಸ್ತಿ ತೆರಿಗೆ ಹಾಕಿದ್ದಾರೆ. ನೇರ ಹೈಕೋರ್ಟಿಗೆ ಹೋಗ್ಲಾ?’

ಹೋದರೆ ಸಾಮಾನ್ಯವಾಗಿ ವಾಪಸ್ ಕಳಿಸ್ತಾರೆ. ಮೊದಲು 30 ದಿನದೊಳಗೆ ಮೇಲ್ಮನವಿ ಆಯುಕ್ತರು, ಆಮೇಲೆ ನ್ಯಾಯಮಂಡಳಿ. ಕಾನೂನಿನ ಗಟ್ಟಿ ಪ್ರಶ್ನೆ ಉಳಿದರೆ ಮಾತ್ರ ಹೈಕೋರ್ಟು. ನಿಮ್ಮ ಮಾತನ್ನೇ ಕೇಳದೆ ಆದೇಶ ಹೊರಡಿಸಿದ್ರೆ ಆ ಕಥೆ ಬೇರೆ, ಆಗ ರಿಟ್ ದಾರಿ ಇದೆ.

ತೊಡಕು ಇರೋದು ಇಲ್ಲಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲಲ್ಲ. ತಡೆ ಬೇಕಂದ್ರೆ, 2017ರ ಸೂಚನೆಯಂತೆ, ಸಾಮಾನ್ಯವಾಗಿ ಬೇಡಿಕೆಯ ಶೇ. 20 ಕಟ್ಟಬೇಕು. ತಪ್ಪು ಯಾರದ್ದೆಂದು ತೀರ್ಮಾನ ಆಗೋ ಮೊದಲೇ ಐದರಲ್ಲೊಂದು ಪಾಲು! ನನಗಂತೂ ಇದು ಸರಿ ಕಾಣಲ್ಲ. ಆದರೆ ಅದಕ್ಕಿಂತ ಕಡಿಮೆಗೂ ತಡೆ ಕೊಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಿ ನೋಡಿ.

ಇನ್ನು ವಾದ. 1954ರ ಢಾಕೇಶ್ವರಿ ಕಾಟನ್ ಮಿಲ್ಸ್ ಪ್ರಕರಣ ಇವತ್ತಿಗೂ ಕೈಹಿಡಿಯುತ್ತೆ. ಬೇರೆ ಮಿಲ್ಲುಗಳ ಲಾಭದ ಲೆಕ್ಕವನ್ನು ಕಂಪನಿಗೆ ತೋರಿಸದೇ ನ್ಯಾಯಮಂಡಳಿ ಬಳಸಿತ್ತು. ಬರೀ ಊಹೆಯ ಮೇಲೆ ತೆರಿಗೆ ನಿಲ್ಲಲ್ಲ ಎಂದಿತು ಸುಪ್ರೀಂ ಕೋರ್ಟ್. ಎಂಜಿನಿಯರಿಂಗ್ ಓದಿದ ನನಗೆ ಅಳತೆಯಿಲ್ಲದ ಅಂಕಿ ಕಂಡರೇ ಕಿರಿಕಿರಿ. ಅಧಿಕಾರಿ ಯಾವ ಲೆಕ್ಕ ಹಿಡಿದರು, ಪ್ರತಿ ಕೇಳಿ. ಜತೆಗೆ ಖರೀದಿ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು ಜೋಡಿಸಿಕೊಳ್ಳಿ. ಬೇಡಿಕೆ ನೋಟಿಸ್ ಬಂದ ದಿನದಿಂದಲೇ ಆ 30 ದಿನ ಓಡ್ತಿದೆ.