ಊರು ಹೇಳದ ಪೈಲ್ವಾನ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಐರೋಲಿ, ಪೊವಾಯಿ, ಥಾಣೆ ಅಂತ ಎಲ್ಲೆಲ್ಲಿಂದಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದಿದ್ದೀರಿ. ಕಣ್ಣು ಎಳೆಯೋ ಹೊತ್ತು ಇದು. ಹಾಗಾಗಿ ಇವತ್ತು ಕ್ಲೌಡು, ಎಐ ಯಾವುದೂ ಬೇಡ. ಕುಸ್ತಿ ಬಗ್ಗೆ ಮಾತಾಡೋಣ.

ನಮ್ಮ ವಯಸ್ಸಿನವರಿಗೆ ಕುಸ್ತಿ ಅಂದರೆ ಎರಡು ಚಿತ್ರ ಕಣ್ಮುಂದೆ ಬರುತ್ತೆ. ಒಂದು ಊರ ಗರಡಿ ಮನೆ: ಕೆಂಪು ಮಣ್ಣು, ಹನುಮಂತನ ಪಟ, ಮೂಲೆಯಲ್ಲಿ ಗದೆ. ಇನ್ನೊಂದು ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್. ಎತ್ತರ ಇಷ್ಟು, ತೂಕ ಇಷ್ಟು, ರ‍್ಯಾಂಕ್ ಇಷ್ಟು ಅಂತ ಬೇಸಿಗೆ ರಜೆಯೆಲ್ಲ ಕಿತ್ತಾಡ್ತಿದ್ವಲ್ಲ, ಅದು. ಇವತ್ತು ನಾನು ಹೇಳೋ ಪೈಲ್ವಾನ ಇವೆರಡರ ನಡುವೆ ಎಲ್ಲೋ ನಿಲ್ಲುತ್ತಾನೆ. ಹೆಸರು ರಿಕಿಡೋಜಾನ್. ಜಪಾನಿನ ವೃತ್ತಿ ಕುಸ್ತಿಯ ಪಿತಾಮಹ ಅಂತ ಅವನನ್ನು ಕರೀತಾರೆ.

ಕನ್ನಡದವರು ಎಲ್ಲೇ ಸಿಕ್ಕಿದರೂ ಮೊದಲು ಕೇಳೋ ಪ್ರಶ್ನೆ ಒಂದಿದೆ: "ಯಾವೂರು ನಿಮ್ಮದು?" ಈ ಮನುಷ್ಯ ಸಾರ್ವಜನಿಕವಾಗಿ ನಿಜವಾದ ಉತ್ತರ ಕೊಡಲಾಗದೆ ಹೋದದ್ದು ಆ ಒಂದು ಪ್ರಶ್ನೆಗೆ. ಅದಕ್ಕೇ ಅವನ ಕತೆ ನಮಗೂ ಸಂಬಂಧಪಟ್ಟದ್ದು ಅಂತ ನನಗನಿಸಿದೆ.

ಅವನು ಹುಟ್ಟಿದ್ದು 1924ರಲ್ಲಿ, ಜಪಾನಿನಲ್ಲಿ ಅಲ್ಲ, ಕೊರಿಯಾದಲ್ಲಿ. ಈಗ ಅದು ಉತ್ತರ ಕೊರಿಯಾ. ಹುಟ್ಟಿದ ಹೆಸರು ಕಿಮ್ ಸಿನ್‌ರಾಕ್. ಕೊರಿಯಾ ಆಗ ಜಪಾನಿನ ವಸಾಹತು, 1910ರಿಂದ 1945ರವರೆಗೆ. ಹುಡುಗ ಗಟ್ಟಿಮುಟ್ಟಾಗಿದ್ದ, ಸುಮೋಗೆ ಆಯ್ಕೆಯಾಗಿ ಜಪಾನಿಗೆ ಬಂದ. 1940ರಲ್ಲಿ ಸುಮೋ ಕಣಕ್ಕಿಳಿದ. ಕೊರಿಯನ್ನರು ಜಪಾನಿ ಮಾದರಿಯ ಹೆಸರು ಇಟ್ಟುಕೊಳ್ಳಬೇಕು ಅಂತ ಸರ್ಕಾರ ಒತ್ತಾಯ ಶುರುಮಾಡಿದ್ದೂ ಅದೇ ವರ್ಷ. ಇವನ ಹೆಸರು ಮುಂದೆ ನಾಗಸಾಕಿ ಕಡೆಯ ಮೊಮೋಟಾ ಅನ್ನೋ ಮನೆತನದ ದಾಖಲೆಗೆ ಸೇರಿತು. ಕಾಗದದಲ್ಲಿ ಮೊಮೋಟಾ ಮಿತ್ಸುಹಿರೊ, ಕಣದಲ್ಲಿ ರಿಕಿಡೋಜಾನ್. ಕಿಮ್ ಅನ್ನೋ ಹುಡುಗ ಕಾಣೆಯಾದ.

ಸುಮೋದಲ್ಲಿ ಅವನು ಸೆಕಿವಾಕೆ ದರ್ಜೆಗೆ ಏರಿದ. ಯೊಕೊಜುನ, ಓಜೆಕಿ ಬಿಟ್ಟರೆ ಅದೇ ದೊಡ್ಡದು. ಆದರೆ 1950ರಲ್ಲಿ ತನ್ನ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಹೊರಗೆ ಬಂದ. ಸುಮೋದವರಿಗೆ ಜುಟ್ಟು ಅಂದರೆ ಸಾಮಾನ್ಯ ವಿಷಯ ಅಲ್ಲ, ಅದನ್ನು ಕತ್ತರಿಸೋದಕ್ಕೇ ಒಂದು ದೊಡ್ಡ ಸಮಾರಂಭ ಇದೆ, ಹಿರಿಯರು ಬಂದು ಒಬ್ಬೊಬ್ಬರಾಗಿ ಕತ್ತರಿ ಹಾಕ್ತಾರೆ. ಇವನು ಒಬ್ಬನೇ ಕೂತು ಕತ್ತರಿಸಿಕೊಂಡ. ಯಾಕೆ ಅನ್ನೋದಕ್ಕೆ ದುಡ್ಡಿನ ಜಗಳ ಅಂತಾರೆ, ಕೊರಿಯಾದವನು ಅನ್ನೋ ತಾತ್ಸಾರ ಅಂತಲೂ ಹೇಳ್ತಾರೆ. ಎರಡೂ ಇದ್ದಿರಬಹುದು. ಕೆಲಸ ಬಿಟ್ಟವರಿಗೆ ಗೊತ್ತು, ರಾಜೀನಾಮೆಗೆ ಒಂದೇ ಕಾರಣ ಇರೋದು ಅಪರೂಪ.

1951ರಲ್ಲಿ ಅಮೆರಿಕದ ಕುಸ್ತಿಪಟುಗಳ ತಂಡವೊಂದು ಟೋಕಿಯೋಗೆ ಬಂತು. ಅವರ ಜೊತೆ ಮೊದಲ ಸಲ ರಿಂಗ್ ಹತ್ತಿದ. 1952ರಲ್ಲಿ ಹವಾಯಿಗೆ ಹೋಗಿ ತರಬೇತಿ ಪಡೆದ. 1953ರಲ್ಲಿ ಸ್ವಂತ ಕುಸ್ತಿ ಸಂಸ್ಥೆ ಶುರುಮಾಡಿದ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಆನ್‌ಸೈಟ್‌ಗೆ ಹೋಗಿ ಕಲಿತು, ವಾಪಸ್ ಬಂದು ಸ್ಟಾರ್ಟ್‌ಅಪ್ ಹಾಕಿದ.

ಟೈಮಿಂಗ್ ನೋಡಿ. ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾಗಿದ್ದೂ 1953ರಲ್ಲೇ. ಮನೆಯಲ್ಲಿ ಟಿವಿ ಕೊಳ್ಳೋ ಶಕ್ತಿ ಯಾರಿಗಿತ್ತು? ಕಂಪನಿಯವರು ಬೀದಿಯಲ್ಲಿ ಟಿವಿ ಇಟ್ಟರು. 1954ರ ಫೆಬ್ರವರಿಯಲ್ಲಿ ರಿಕಿಡೋಜಾನ್ ಮತ್ತು ಜೂಡೋ ಚಾಂಪಿಯನ್ ಮಸಾಹಿಕೋ ಕಿಮುರಾ ಜೋಡಿಯಾಗಿ ಶಾರ್ಪ್ ಸೋದರರ ವಿರುದ್ಧ ಇಳಿದರು. ಟೋಕಿಯೋದ ಶಿಂಬಾಶಿ ಸ್ಟೇಷನ್ ಮುಂದೆ ಒಂದು ಟಿವಿ, ಅದರ ಮುಂದೆ ಸಾವಿರ ಸಾವಿರ ಜನ. ಯುದ್ಧ ಸೋತು ಒಂಬತ್ತು ವರ್ಷ, ಅಮೆರಿಕದ ಸೈನ್ಯದ ಆಡಳಿತ ಮುಗಿದು ಎರಡು ವರ್ಷ. ಎದುರಿಗೆ ಆರೂವರೆ ಅಡಿಯ ಇಬ್ಬರು ಬಿಳಿಯರು. ರಿಕಿಡೋಜಾನ್ ಅಂಗೈಯ ಅಂಚನ್ನು ಕತ್ತಿ ಮಾಡಿಕೊಂಡು ಅವರ ಎದೆಗೆ ಬಾರಿಸಿದ. ಅದೇ ಅವನ ಪ್ರಸಿದ್ಧ ಕರಾಟೆ ಏಟು. ಜನ ಹುಚ್ಚೆದ್ದು ಕುಣಿದರು. ಜಪಾನಿನವನೊಬ್ಬ ಅಮೆರಿಕನ್ನರನ್ನು ಹೊಡೀತಿದ್ದಾನೆ!

ಆದರೆ ಶಾರ್ಪ್ ಸೋದರರು ಅಮೆರಿಕದವರಲ್ಲ, ಕೆನಡಾದವರು. ರಿಕಿಡೋಜಾನ್ ಜಪಾನಿನವನಲ್ಲ, ಕೊರಿಯಾದವನು. ಒಬ್ಬ ಕೊರಿಯನ್ ಇಬ್ಬರು ಕೆನಡಿಯನ್ನರಿಗೆ ಹೊಡೆದದ್ದನ್ನು ನೋಡಿ ಒಂದು ಇಡೀ ದೇಶ ತನ್ನ ಸೋಲಿನ ನೋವು ಮರೆಯಿತು.

ಇಲ್ಲಿ ನೀವು ಕೇಳಬಹುದು, ಇದೆಲ್ಲ ಮೊದಲೇ ಫಿಕ್ಸ್ ಆಗಿರೋ ಆಟ ಅಲ್ವಾ ಅಂತ. ಹೌದು. ವೃತ್ತಿ ಕುಸ್ತಿಯಲ್ಲಿ ಗೆಲ್ಲೋರು ಯಾರು ಅಂತ ಮೊದಲೇ ಮಾತಾಗಿರುತ್ತೆ. ಮಾಟುಂಗದಲ್ಲಿ ನಿಂತು ಇದನ್ನು ವಿವರಿಸೋದು ಸುಲಭ, ಯಾಕಂದ್ರೆ ನಿಮ್ಮಲ್ಲಿ ಅರ್ಧ ಜನ ಯಕ್ಷಗಾನ ನೋಡಿ ಬೆಳೆದವರು. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಕೂರ್ತೀವಿ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಬದಲಾಗಲ್ಲ, ಆದರೆ ನಡುವಿನ ಮಾತು ಅರ್ಥಧಾರಿಯದ್ದು. ಕುಸ್ತಿಯ ರಿಂಗಿನಲ್ಲೂ ಅಷ್ಟೇ. ಕೊನೆ ಗೊತ್ತು, ನಡುವಿನ ಏಟು ಅವರವರದ್ದು, ನೋವಂತೂ ನಿಜದ್ದೇ.

ಈಗ ಯೋಚನೆ ಮಾಡಿ, ಅರ್ಧ ಪ್ರಸಂಗದಲ್ಲಿ ಒಬ್ಬ ವೇಷಧಾರಿ ನಿಜವಾಗಿಯೇ ಎದುರಿನವನಿಗೆ ಹೊಡೆದರೆ? 1954ರ ಡಿಸೆಂಬರ್ 22ರಂದು ಅದು ಆಯಿತು. ರಿಕಿಡೋಜಾನ್ ಮತ್ತು ಅವನದೇ ಜೊತೆಗಾರ ಕಿಮುರಾ ನಡುವೆ ಜಪಾನ್ ಚಾಂಪಿಯನ್ ಪಟ್ಟಕ್ಕೆ ಪಂದ್ಯ. ಕಿಮುರಾ ಮುಂದೆ ಹೇಳಿದ ಪ್ರಕಾರ ಡ್ರಾ ಅಂತ ಮಾತಾಗಿತ್ತು. ನಡುವೆ ರಿಕಿಡೋಜಾನ್ ಮಾತು ಮುರಿದು ಬಾರಿಸತೊಡಗಿದ. ಕಿಮುರಾ ರಕ್ತ ಸುರಿಸಿಕೊಂಡು ಬಿದ್ದ. ಅವನೇ ಮೊದಲು ತೊಡೆಸಂದಿಗೆ ಒದ್ದ ಅನ್ನೋದು ರಿಕಿಡೋಜಾನ್ ವಾದ. ಈ ಕಿಮುರಾ ಸಣ್ಣ ಆಸಾಮಿ ಅಲ್ಲ. 1951ರಲ್ಲಿ ಬ್ರೆಜಿಲ್‌ನಲ್ಲಿ ಹೇಲಿಯೋ ಗ್ರೇಸಿಯನ್ನು ಮಣಿಸಿದ ಆ ತೋಳಿನ ಪಟ್ಟಿಗೆ ಇವತ್ತಿಗೂ ಪ್ರಪಂಚವೆಲ್ಲ ಕಿಮುರಾ ಅಂತಲೇ ಹೆಸರು. ಆ ರಾತ್ರಿಯ ನಂತರ ಜಪಾನಿಗೆ ಒಬ್ಬನೇ ಹೀರೋ ಉಳಿದ.

ನಾನು ರಿಕಿಡೋಜಾನ್‌ನನ್ನು ದೇವರು ಮಾಡೋಕೆ ಬಂದಿಲ್ಲ. ಅದಕ್ಕೇ ಇದನ್ನು ಹೇಳಿದೆ. ಕಾಲ ಕೆಳಗಿನ ನೆಲ ಯಾವಾಗ ಬೇಕಾದರೂ ಜಾರಬಹುದು ಅಂತ ಗೊತ್ತಿರೋನು ಪಕ್ಕದವನನ್ನೂ ತಳ್ಳಿ ನಿಲ್ಲುತ್ತಾನೆ. ಅದಕ್ಕೆ ಸಮರ್ಥನೆ ಇಲ್ಲ, ಆದರೆ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಅರ್ಥ ಆಗುತ್ತೆ.

ಈಗ ನಮ್ಮ ಮುಂಬಯಿಗೆ ಬರೋಣ. 1955ರಲ್ಲಿ ರಿಕಿಡೋಜಾನ್ ಏಷ್ಯಾ ಚಾಂಪಿಯನ್‌ಶಿಪ್ ಅಂತ ಒಂದು ಸ್ಪರ್ಧೆ ನಡೆಸಿದ. ಫೈನಲ್‌ನಲ್ಲಿ ಅವನು ಸೋಲಿಸಿದ್ದು ಕಿಂಗ್ ಕಾಂಗ್‌ನನ್ನು. ಸಿನಿಮಾ ಗೊರಿಲ್ಲಾ ಅಲ್ಲ, ಎಮಿಲ್ ಚಾಯ ಅನ್ನೋ ದೈತ್ಯ, ಸಿಂಗಾಪುರದಲ್ಲಿ ನೆಲೆಸಿದವನು. ಆ ಸ್ಪರ್ಧೆಗೆ ಹೋಗಿದ್ದ ಇನ್ನೊಬ್ಬರು ನಮ್ಮ ದಾರಾ ಸಿಂಗ್.

ದಾರಾ ಸಿಂಗ್ ಕೂಡ ಕೆಲಸ ಹುಡುಕಿಕೊಂಡು ಊರು ಬಿಟ್ಟವರೇ. ಅಮೃತಸರದ ಹತ್ತಿರದ ಧರ್ಮೂಚಕ್ ಹಳ್ಳಿಯಿಂದ 1947ರಲ್ಲಿ ಸಿಂಗಾಪುರಕ್ಕೆ ಹೋದರು. ಡ್ರಮ್ ತಯಾರಿಸೋ ಕಾರ್ಖಾನೆಯಲ್ಲಿ ದುಡಿಯುತ್ತಾ ಕುಸ್ತಿ ಕಲಿತರು. ಆಮೇಲೆ ಮುಂಬಯಿ ಅವರ ಊರಾಯಿತು. ವರ್ಲಿಯ ವಲ್ಲಭಭಾಯ್ ಪಟೇಲ್ ಸ್ಟೇಡಿಯಂನಲ್ಲಿ ಫ್ರೀಸ್ಟೈಲ್ ಕುಸ್ತಿ ಅಂದರೆ ಜನ ಮುಗಿಬೀಳ್ತಿದ್ದ ಕಾಲ. ಅಮೆರಿಕದ ದಿಗ್ಗಜ ಲೂ ಥೆಸ್ ಜೊತೆ ರಿಕಿಡೋಜಾನ್ 1957ರಲ್ಲಿ ಟೋಕಿಯೋದಲ್ಲಿ ಒಂದು ಗಂಟೆ ಸೆಣಸಿ ಡ್ರಾ ಮಾಡಿಕೊಂಡ, 1958ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಗೆದ್ದ. ಅದೇ ಥೆಸ್‌ನನ್ನು ದಾರಾ ಸಿಂಗ್ 1968ರ ಮೇ 29ರಂದು ಬಾಂಬೆಯಲ್ಲೇ ಸೋಲಿಸಿದರು. ಟಿವಿಯಲ್ಲಿ 'ರಾಮಾಯಣ'ದ ಹನುಮಂತ ಆಗೋದಕ್ಕೆ ಇನ್ನೂ ಇಪ್ಪತ್ತು ವರ್ಷ ಇತ್ತು.

ಇಬ್ಬರೂ ವಲಸಿಗರು, ಇಬ್ಬರೂ ಬಂದ ಊರಿನ ಹೀರೋಗಳು. ಆದರೆ ದಾರಾ ಸಿಂಗ್ ಪಂಜಾಬಿನವರು ಅಂತ ಮುಂಬಯಿಯಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವರು ಅದನ್ನು ಮುಚ್ಚಿಡಬೇಕಾಗಿ ಬರಲಿಲ್ಲ. ಇದು ದಾರಾ ಸಿಂಗ್ ಧೈರ್ಯವಂತ, ರಿಕಿಡೋಜಾನ್ ಹೇಡಿ ಅನ್ನೋ ಮಾತಲ್ಲ. ಒಬ್ಬರು ತಮ್ಮದೇ ದೇಶದ ಇನ್ನೊಂದು ಊರಿಗೆ ಬಂದವರು. ಇನ್ನೊಬ್ಬ ತನ್ನ ದೇಶವನ್ನು ಆಳಿದವರ ನಡುವೆ, ಅವರದೇ ಹೀರೋ ಆಗಿ ನಿಂತವನು. "ನಾನು ಕಿಮ್" ಅಂದಿದ್ದರೆ 1954ರ ಶಿಂಬಾಶಿಯಲ್ಲಿ ಆ ಕೂಗು ಕೇಳ್ತಿತ್ತಾ? ನನಗನಿಸೋ ಪ್ರಕಾರ ಇಲ್ಲ.

ಮುಂಬಯಿಯೂ ಹೂವಿನ ಹಾಸಿಗೆ ಆಗಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಚಳವಳಿ ನಡೆಯಿತು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಆದರೂ ಬೋರ್ಡಿನ ಮೇಲೆ ಉಡುಪಿ ಅನ್ನೋ ಹೆಸರು ಉಳೀತು. ಇದೇ ಮಾಟುಂಗದಲ್ಲಿರೋ ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾದದ್ದು, ಕರ್ನಾಟಕ ರಾಜ್ಯ ಆಗೋದಕ್ಕೆ ಮೂವತ್ತು ವರ್ಷ ಮೊದಲು. ನಮ್ಮ ಹಿರಿಯರು ಈ ಊರಿಗೆ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತಮ್ಮೂರಿನ ಹೆಸರನ್ನು ಬೀದಿಗೆ ಕಾಣೋ ಹಾಗೆ ಬರೆದದ್ದು. ಒಬ್ಬೊಬ್ಬರೇ ಆಗಿದ್ದರೆ ಅದು ಆಗ್ತಿತ್ತೋ ಇಲ್ಲವೋ. ನಾಲ್ಕು ಜನ ಸೇರಿ ಬೋರ್ಡು ಹಾಕಿದ್ದರಿಂದ ಆಯಿತು. ರಿಕಿಡೋಜಾನ್‌ಗೆ ಬಲ ಇತ್ತು, ದುಡ್ಡು ಇತ್ತು, 1961ರಲ್ಲಿ ಶಿಬುಯಾದಲ್ಲಿ ತನ್ನ ಹೆಸರಿನ ಕ್ರೀಡಾ ಅರಮನೆಯನ್ನೇ ಕಟ್ಟಿಸಿದ. ಆ ಕಟ್ಟಡದ ಮೇಲೆ ಕಿಮ್ ಅಂತ ಬರೆಯೋ ಹಾಗಿರಲಿಲ್ಲ.

ಕೊನೆಯ ವರ್ಷ ನೋಡಿ. 1963ರ ಜನವರಿಯಲ್ಲಿ ದಕ್ಷಿಣ ಕೊರಿಯಾಕ್ಕೆ ಹೋಗಿಬಂದ. ಹುಟ್ಟೂರು ಗಡಿಯ ಆಚೆ ಉತ್ತರದಲ್ಲಿ, ಅಲ್ಲಿಗೆ ದಾರಿ ಇರಲಿಲ್ಲ. ಮೇ ತಿಂಗಳಲ್ಲಿ ಅಮೆರಿಕದ ಡೆಸ್ಟ್ರಾಯರ್ ಜೊತೆಗಿನ ಪಂದ್ಯಕ್ಕೆ ಟಿವಿ ರೇಟಿಂಗ್ ಶೇ. 64. ಡಿಸೆಂಬರ್ 8ರಂದು ಟೋಕಿಯೋದ ನೈಟ್‌ಕ್ಲಬ್ ಒಂದರಲ್ಲಿ ಯಾಕುಜಾ ಗುಂಪಿನವನ ಜೊತೆ ಜಗಳವಾಗಿ ಹೊಟ್ಟೆಗೆ ಚೂರಿ ಬಿತ್ತು. ಒಂದು ವಾರದ ಮೇಲೆ, 15ರಂದು ತೀರಿಕೊಂಡ. ವಯಸ್ಸು 39. ಅವನು ಕೊರಿಯಾದವನು ಅನ್ನೋದು ಜಪಾನಿನ ಸಾಮಾನ್ಯ ಜನಕ್ಕೆ ಗೊತ್ತಾಗಿದ್ದು ಅವನು ಹೋಗಿ ಎಷ್ಟೋ ವರ್ಷದ ಮೇಲೆ.

ಅವನ ಶಿಷ್ಯರಲ್ಲಿ ಇಬ್ಬರ ಬಗ್ಗೆ ಹೇಳಿ ಮುಗಿಸ್ತೀನಿ. ಒಬ್ಬ ಕಿಮ್ ಇಲ್. ರಿಕಿಡೋಜಾನ್ ಹೆಸರು ಕೇಳಿ 1958ರಲ್ಲಿ ಕೊರಿಯಾದಿಂದ ಕದ್ದು ಜಪಾನಿಗೆ ಬಂದು ಸಿಕ್ಕಿಬಿದ್ದ. ರಿಕಿಡೋಜಾನ್ ಅವನ ಪರ ನಿಂತು ಶಿಷ್ಯನಾಗಿ ತಗೊಂಡ. ಆ ಹುಡುಗ ಜಪಾನಿನಲ್ಲಿ ಓಕಿ ಕಿಂಟಾರೋ, ಆದರೆ ಮುಂದೆ ಕೊರಿಯಾದಲ್ಲಿ ಕಿಮ್ ಇಲ್ ಅನ್ನೋ ಹೆಸರಲ್ಲೇ ಮನೆಮಾತಾದ. ಗುರುವಿಗೆ ಸಿಗದ ಭಾಗ್ಯ ಅದು.

ಇನ್ನೊಬ್ಬ ಆಂಟೋನಿಯೋ ಇನೋಕಿ. ಮಹಮ್ಮದ್ ಅಲಿ ಜೊತೆ 1976ರಲ್ಲಿ ರಿಂಗ್ ಹತ್ತಿದನಲ್ಲ, ಅವನೇ. ಹದಿಹರೆಯದಲ್ಲಿ ಮನೆಯವರ ಜೊತೆ ಬ್ರೆಜಿಲ್‌ಗೆ ವಲಸೆ ಹೋಗಿ ಕಾಫಿ ತೋಟದಲ್ಲಿ ದುಡಿದವನು. 1960ರಲ್ಲಿ ರಿಕಿಡೋಜಾನ್ ಅವನನ್ನು ಅಲ್ಲಿಂದ ಕರೆತಂದ. 1995ರ ಏಪ್ರಿಲ್‌ನಲ್ಲಿ ಈ ಇನೋಕಿ ಉತ್ತರ ಕೊರಿಯಾದ ಪ್ಯೊಂಗ್‌ಯಾಂಗ್‌ಗೆ ಹೋಗಿ, ಮೇ ಡೇ ಸ್ಟೇಡಿಯಂನಲ್ಲಿ ಎರಡು ದಿನ ಕುಸ್ತಿ ಆಡಿಸಿದ. ದಿನಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು ಅಂತ ಘೋಷಣೆಯಾಯಿತು. ತನ್ನ ಗುರುವಿನ ನಾಡು ಅನ್ನೋದನ್ನು ಇನೋಕಿ ಬಚ್ಚಿಡಲಿಲ್ಲ. ಗುರು ಸತ್ತು ಆಗ 31 ವರ್ಷ ಕಳೆದಿತ್ತು.

ನಾವೆಲ್ಲ ದಿನಾ ಸ್ವಲ್ಪ ಸ್ವಲ್ಪ ಊರು ಬಿಡ್ತೀವಿ. ಕಾಲ್‌ನಲ್ಲಿ ಹೆಸರು ತುಂಡು ಮಾಡ್ತೀವಿ, ಹಾವೇರಿಯೋ ಪುತ್ತೂರೋ ಅನ್ನೋ ಬದಲು ಬೆಂಗಳೂರು ಅಂದುಬಿಡ್ತೀವಿ, ಅದೂ ಬೇಡ ಅಂದರೆ ಸೌತ್ ಅಂತೀವಿ. ಅದು ಪಾಪ ಅಲ್ಲ, ಮೀಟಿಂಗ್ ಬೇಗ ಮುಗಿಯುತ್ತೆ ಅಷ್ಟೇ. ಆದರೆ ರಿಕಿಡೋಜಾನ್‌ಗೆ ಹೇಳೋ ದಾರಿ ಇರಲಿಲ್ಲ, ನಮಗೆ ಇದೆ. ಇರೋ ದಾರೀಲಿ ಆಗಾಗ ನಡೀತಾ ಇರದಿದ್ದರೆ ಹುಲ್ಲು ಬೆಳೆಯುತ್ತೆ. ನಮ್ಮ ಮಕ್ಕಳನ್ನು ನಾಳೆ ಯಾರಾದರೂ "ಯಾವೂರು ನಿಮ್ಮದು" ಅಂತ ಕೇಳಿದರೆ ಅವರು ಏನು ಹೇಳ್ತಾರೆ ಅನ್ನೋದು ನಾವು ಈಗ ಏನು ಹೇಳ್ತಿದ್ದೀವಿ ಅನ್ನೋದರ ಮೇಲೆ ನಿಂತಿದೆ.

ಪ್ರಶ್ನೆ ಇದ್ದವರು ಮೈಕ್ ತಗೊಳ್ಳಿ. ಹೆಸರು ಹೇಳಿ, ಹಾಗೇ ಯಾವೂರು ಅಂತಾನೂ ಹೇಳಿಬಿಡಿ.