ನ್ಯಾಯಾಲಯ, ಪೊಲೀಸ್ ಠಾಣೆ ಮತ್ತು ಶಾಸಕರ ಮತ



ವಿಧಾನಸಭೆಯಲ್ಲಿ ವಿಧೇಯಕವೊಂದು ಅಂಗೀಕಾರವಾಗುವುದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಸಚಿವರು ಎದ್ದು ವಿಧೇಯಕವನ್ನು ಪರ್ಯಾಲೋಚಿಸಬೇಕೆಂದು ಕೋರುತ್ತಾರೆ. ವಿರೋಧ ಪಕ್ಷದವರು ಬೇರೆ ಯಾವುದೋ ವಿಷಯ ಹಿಡಿದು ಸಭಾಧ್ಯಕ್ಷರ ಪೀಠದ ಮುಂದೆ ಧರಣಿ ಕುಳಿತಿರುತ್ತಾರೆ. ಆ ಗದ್ದಲದ ನಡುವೆಯೇ ಖಂಡಗಳ ಸಂಖ್ಯೆ ಓದಿಯಾಗುತ್ತದೆ, ಒಂದು ಕಡೆಯಿಂದ ‘ಹೌದು’ ಎಂಬ ದನಿ ಬರುತ್ತದೆ, ವಿಧೇಯಕ ಅಂಗೀಕಾರವಾಯಿತೆಂಬ ಘೋಷಣೆಯೂ ಆಗುತ್ತದೆ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಕಡತದಲ್ಲಿ ಉಳಿಯುವುದಿಲ್ಲ. 224 ಸದಸ್ಯರ ಸದನದಲ್ಲಿ ಕೋರಂಗೆ ಬೇಕಾದದ್ದು ಹತ್ತರಲ್ಲಿ ಒಂದು ಪಾಲು, ಅಂದರೆ 23 ಮಂದಿ. ಅಷ್ಟು ಜನ ಇದ್ದರೆ ಸಂವಿಧಾನದ ಪ್ರಕಾರ ಅದರಲ್ಲಿ ದೋಷವಿಲ್ಲ.

ಎಲ್ಲ ವಿಧೇಯಕಗಳ ಬಗ್ಗೆಯೂ ನಾನು ಈ ಮಾತು ಎತ್ತುತ್ತಿಲ್ಲ. ಈ ವಿಚಾರ ಸಂಕಿರಣ ಆರಿಸಿಕೊಂಡಿರುವುದು ಎರಡು ಬಗೆಯ ವಿಧೇಯಕಗಳನ್ನು: ನ್ಯಾಯಾಲಯಗಳಿಗೆ ಸಂಬಂಧಿಸಿದವು, ಮತ್ತು ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕರಂತಹ ಸಾರ್ವಜನಿಕ ಸುರಕ್ಷತೆಯ ನೌಕರರಿಗೆ ಸಂಬಂಧಿಸಿದವು. ಇವೆರಡನ್ನೂ ಒಂದೇ ಸೂರಿನಡಿ ಯಾಕೆ ತಂದಿರಿ ಎಂದು ಸಂಘಟಕರನ್ನು ಕೇಳಬಹುದು. ನನಗೆ ಕಾಣುವ ಉತ್ತರ ಇದು. ಈ ಎರಡು ವರ್ಗದವರಿಗೂ ತಮ್ಮ ಪರವಾಗಿ ತಾವೇ ಬೀದಿಗಿಳಿದು ಮಾತನಾಡುವ ಹಕ್ಕಿಲ್ಲ. ರೈತ ಹೆದ್ದಾರಿ ತಡೆಯಬಲ್ಲ, ಸಾರಿಗೆ ನೌಕರ ಬಸ್ಸು ನಿಲ್ಲಿಸಬಲ್ಲ, ಅಂಗನವಾಡಿ ಕಾರ್ಯಕರ್ತೆ ಫ್ರೀಡಂ ಪಾರ್ಕಿನಲ್ಲಿ ಕೂರಬಲ್ಲಳು. ತಾಲ್ಲೂಕು ಕೋರ್ಟಿನ ಸಿವಿಲ್ ನ್ಯಾಯಾಧೀಶರು ತಮ್ಮ ಮೇಲಿರುವ ಹೊರೆಯ ಬಗ್ಗೆ ಪತ್ರಿಕಾಗೋಷ್ಠಿ ಕರೆಯುವಂತಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ. 1966ರ ಪೊಲೀಸ್ ಪಡೆಗಳ (ಹಕ್ಕುಗಳ ನಿರ್ಬಂಧ) ಕಾಯ್ದೆ ಅದನ್ನು ತಡೆಯುತ್ತದೆ. ಆ ನಿರ್ಬಂಧಗಳು ಬೇಕಾದವೇ. ಬಂದೂಕು ಹಿಡಿದವರೂ ತೀರ್ಪು ಬರೆಯುವವರೂ ಬೀದಿಗಿಳಿದರೆ ಪ್ರಜಾಪ್ರಭುತ್ವ ಉಳಿಯದು. ಆದರೆ ಬಾಯಿ ಕಟ್ಟಿದ ಮೇಲೆ ಅವರ ಪರವಾಗಿ ಮಾತನಾಡುವ ಹೊಣೆ ಕಟ್ಟಿದವರ ಮೇಲೆ ಬೀಳುತ್ತದೆ. ಆ ಹೊಣೆ ಶಾಸನಸಭೆಯದು. ಆದ್ದರಿಂದಲೇ ಈ ವಿಧೇಯಕಗಳನ್ನು ಗದ್ದಲದ ನಡುವಿನ ಧ್ವನಿಮತದಲ್ಲಿ ಮುಗಿಸುವುದನ್ನು ನಾನು ಒಪ್ಪಲಾರೆ.

2016ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ರಾಜ್ಯದ ಸಾವಿರಾರು ಪೊಲೀಸ್ ಸಿಬ್ಬಂದಿ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಮುಂದಾದರು. ನೆರೆ ರಾಜ್ಯಗಳಿಗೆ ಹೋಲಿಸಿದರೆ ಕಡಿಮೆ ಸಂಬಳ, ಸಿಗದ ವಾರದ ರಜೆ, ಮೇಲಧಿಕಾರಿಗಳ ಕಿರುಕುಳ, ಇವು ಅವರ ದೂರುಗಳಾಗಿದ್ದವು. ಸರ್ಕಾರ ಎಸ್ಮಾ ಪ್ರಯೋಗಿಸಿತು, ಮುಂದಾಳುವಿನ ಬಂಧನವಾಯಿತು, ಮುಷ್ಕರ ನಡೆಯಲಿಲ್ಲ. ಆಮೇಲೆ ರಾಘವೇಂದ್ರ ಔರಾದಕರ್ ಸಮಿತಿ ಬಂತು, ವರದಿ ಬಂತು. ವೇತನ ಪರಿಷ್ಕರಣೆ ಭಾಗಶಃ ಕೈಗೆ ಬಂದದ್ದು 2019ರಲ್ಲಿ. ಮೂರು ವರ್ಷ ಹಿಡಿಯಿತು. 2025ರ ಮಾರ್ಚ್‌ನಲ್ಲಿ ಅದೇ ಸದನದ ಸದಸ್ಯರು ತಮ್ಮ ವೇತನ ಹೆಚ್ಚಳದ ವಿಧೇಯಕವನ್ನು ಗದ್ದಲದ ಮಧ್ಯೆ, ಚರ್ಚೆಯಿಲ್ಲದೆ, ಒಂದೇ ದಿನದಲ್ಲಿ ಅಂಗೀಕರಿಸಿದರು. ಶಾಸಕರಿಗೆ ಸಂಬಳ ಬೇಡವೆಂದು ನಾನು ಹೇಳುವುದಿಲ್ಲ. ಒಂದಕ್ಕೆ ಒಂದು ದಿನ, ಇನ್ನೊಂದಕ್ಕೆ ಮೂರು ವರ್ಷ ಎಂಬುದನ್ನು ಮಾತ್ರ ಈ ಗೋಷ್ಠಿಯ ಮುಂದಿಡುತ್ತೇನೆ.

ಸಂವಿಧಾನದ ಏಳನೇ ಅನುಸೂಚಿಯ ವಿಚಾರವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್ ರಾಜ್ಯಪಟ್ಟಿಯ ಮೊದಲ ಎರಡು ನಮೂದುಗಳು. ಅಧೀನ ನ್ಯಾಯಾಲಯಗಳ ರಚನೆಯೂ ಮೊದಲು ರಾಜ್ಯಪಟ್ಟಿಯಲ್ಲೇ ಇತ್ತು; 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಯ 11ಎ ನಮೂದಿಗೆ ಒಯ್ದಿತು. ಹೀಗಾಗಿ ಠಾಣೆಯ ಬಗ್ಗೆ ನಮ್ಮ ಶಾಸಕರ ಮತವೇ ಹೆಚ್ಚುಕಡಿಮೆ ಕೊನೆಯ ಮಾತು; ಕೋರ್ಟಿನ ಬಗ್ಗೆ ಕೇಂದ್ರದ ಕಾನೂನಿಗೆ ಅಡ್ಡಬರುವ ಏನನ್ನೇ ಅಂಗೀಕರಿಸಿದರೂ ರಾಷ್ಟ್ರಪತಿಗಳ ಒಪ್ಪಿಗೆಗೆ ಕಾಯಬೇಕು.

ಈಗ ಠಾಣೆಯ ಕಡೆ ಸ್ವಲ್ಪ ನಿಲ್ಲೋಣ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2006ರ ಸೆಪ್ಟೆಂಬರ್ 22ರಂದು. ನಿವೃತ್ತ ಡಿಜಿಪಿಯೊಬ್ಬರು 1996ರಲ್ಲಿ ಹಾಕಿದ ಅರ್ಜಿಗೆ ಹತ್ತು ವರ್ಷಗಳ ನಂತರ ಸಿಕ್ಕ ಉತ್ತರ ಅದು. ಕೋರ್ಟ್ ಕೊಟ್ಟ ಏಳು ನಿರ್ದೇಶನಗಳಲ್ಲಿ ಒಂದು ಬಹಳ ಸರಳವಾಗಿತ್ತು: ಠಾಣಾಧಿಕಾರಿಯಿಂದ ಹಿಡಿದು ವಲಯದ ಐಜಿವರೆಗೆ ಕ್ಷೇತ್ರದಲ್ಲಿ ಕೆಲಸ ಮಾಡುವ ಅಧಿಕಾರಿಗಳಿಗೆ ಒಂದೇ ಜಾಗದಲ್ಲಿ ಕನಿಷ್ಠ ಎರಡು ವರ್ಷ ಕೊಡಿ. ಕರ್ನಾಟಕ 2012ರಲ್ಲಿ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ರಾಜ್ಯ ಭದ್ರತಾ ಆಯೋಗ, ಪೊಲೀಸ್ ಸಿಬ್ಬಂದಿ ಮಂಡಳಿ, ದೂರು ಪ್ರಾಧಿಕಾರ ಎಲ್ಲವೂ ಅದರಲ್ಲಿ ಬಂದವು. ಆದರೆ ಕನಿಷ್ಠ ಅವಧಿ ಮಾತ್ರ ಎರಡರ ಬದಲು ಒಂದು ವರ್ಷವಾಯಿತು. ಅದು ಎರಡು ವರ್ಷವಾಗಲು 2024ರ ತಿದ್ದುಪಡಿ ಬರಬೇಕಾಯಿತು. ತೀರ್ಪಿನಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ.

ಎರಡು ವರ್ಷಕ್ಕೂ ಒಂದು ವರ್ಷಕ್ಕೂ ಏನು ಮಹಾ ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಠಾಣೆಯೊಳಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಹೊಸದಾಗಿ ಬಂದ ಇನ್‌ಸ್ಪೆಕ್ಟರ್‌ಗೆ ಸರಹದ್ದಿನ ಹಳ್ಳಿಗಳ ಪರಿಚಯವಾಗಬೇಕು. ಯಾವ ಜಾತ್ರೆಯಲ್ಲಿ ಯಾವ ಹಳೆಯ ಜಗಳ ಮತ್ತೆ ತಲೆ ಎತ್ತುತ್ತದೆ, ಯಾವ ರೌಡಿ ಹಾಳೆ ಇನ್ನೂ ಜೀವಂತವಾಗಿದೆ, ಬಡ್ಡಿ ವ್ಯವಹಾರದ ಹಿಂದೆ ಯಾರಿದ್ದಾರೆ ಎಂಬುದನ್ನು ತಿಳಿಯಲು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಬೇಕು. ಅಷ್ಟರಲ್ಲಿ ವರ್ಗಾವಣೆ ಆದೇಶ ಬರುತ್ತದೆ. ಅರ್ಧ ತನಿಖೆಯಾದ ಕೊಲೆ ಪ್ರಕರಣದ ಕಡತ ಮುಂದಿನವರ ಕೈಗೆ ಹೋಗುತ್ತದೆ. ವಿಚಾರಣೆಗೆ ಬಂದಾಗ ಮೊದಲ ತನಿಖಾಧಿಕಾರಿ ಯಾವುದೋ ದೂರದ ಜಿಲ್ಲೆಯಲ್ಲಿರುತ್ತಾರೆ, ಸಾಕ್ಷಿ ಹೇಳಲು ಬರುವುದಕ್ಕೆ ಮೂರು ಸಮನ್ಸ್ ಬೇಕಾಗುತ್ತದೆ. ಠಾಣೆಯ ವರ್ಗಾವಣೆ ಕೋರ್ಟಿನ ವಿಳಂಬವಾಗಿ ಹೊರಬರುವುದು ಹೀಗೆ. ನಮ್ಮ ಎರಡು ವಿಷಯಗಳು ಸೇರುವ ಜಾಗವೂ ಇದೇ.

ಇಲ್ಲಿ ಒಂದು ಕಹಿ ಮಾತನ್ನು ಹೇಳಲೇಬೇಕು. ಕನಿಷ್ಠ ಅವಧಿಯ ಪರವಾಗಿ ಮತ ಹಾಕುವವರೂ ‘ನನ್ನ ಕ್ಷೇತ್ರದ ಠಾಣೆಗೆ ಇಂಥವರನ್ನೇ ಹಾಕಿ’ ಎಂದು ಶಿಫಾರಸು ಪತ್ರ ಬರೆಯುವವರೂ ಒಬ್ಬರೇ ಆಗಿರುವುದುಂಟು. ಇಂತಹ ಪತ್ರಗಳ ಆಧಾರದ ವರ್ಗಾವಣೆಗೆ ಹೈಕೋರ್ಟ್ ಮತ್ತೆ ಮತ್ತೆ ಆಕ್ಷೇಪ ಎತ್ತಿದೆ. ಪತ್ರ ನಿಲ್ಲದೆ ತಿದ್ದುಪಡಿ ಫಲ ಕೊಡುವುದಿಲ್ಲ. ಮತ ಹೆಸರು ಸಮೇತ ದಾಖಲಾಗಿದ್ದರೆ ಆ ಪತ್ರ ಬರೆಯುವ ಮುನ್ನ ಕೈ ಸ್ವಲ್ಪವಾದರೂ ಹಿಂಜರಿಯುತ್ತಿತ್ತು.

ಕೋರ್ಟಿನ ಕಡೆ ಬರೋಣ. ಸಣ್ಣ ರೈತರ ಹಾಗೂ ಆರ್ಥಿಕವಾಗಿ ದುರ್ಬಲರಾದವರ ಸಿವಿಲ್ ವ್ಯಾಜ್ಯಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಗೆ ನಮ್ಮ ವಿಧಾನಮಂಡಲ 2023ರಲ್ಲಿ ತಿದ್ದುಪಡಿ ಅಂಗೀಕರಿಸಿತು. ಉದ್ದೇಶ ನೂರಕ್ಕೆ ನೂರು ಸರಿ. ಅರ್ಧ ಎಕರೆ ಜಮೀನಿನ ದಾವೆಯನ್ನು ಅಪ್ಪ ಹೂಡಿ ಮಗ ಮುಗಿಸುವ ಸ್ಥಿತಿ ಯಾವ ಊರಿಗೂ ಹೊಸದಲ್ಲ. ಆದರೆ ಆರು ತಿಂಗಳ ಗಡುವನ್ನು ಪಾಲಿಸಬೇಕಾದ ಕೋರ್ಟಿನಲ್ಲಿ ಎಷ್ಟು ನ್ಯಾಯಾಧೀಶರಿದ್ದಾರೆ, ಎಷ್ಟು ಶೀಘ್ರಲಿಪಿಗಾರರಿದ್ದಾರೆ, ನೋಟಿಸ್ ಜಾರಿ ಮಾಡುವ ಅಮೀನರ ಎಷ್ಟು ಹುದ್ದೆ ಖಾಲಿಯಿವೆ ಎಂಬ ಲೆಕ್ಕ ವಿಧೇಯಕದ ಜೊತೆ ಮೇಜಿನ ಮೇಲೆ ಬರಬೇಕಿತ್ತು. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತು. 2002ರಲ್ಲಿ ಸುಪ್ರೀಂ ಕೋರ್ಟ್ ಐದು ವರ್ಷದಲ್ಲಿ ಅದನ್ನು ತಲುಪಿ ಎಂದಿತು. ದೇಶ ಇಂದಿಗೂ ಅದರ ಅರ್ಧವನ್ನೂ ಮುಟ್ಟಿಲ್ಲ.

ಹೊಸ ಕಾನೂನು ಕೋರ್ಟಿನ ಮೇಲೆ ಎಷ್ಟು ಹೊರೆ ಹಾಕುತ್ತದೆಂದು ಮೊದಲೇ ಅಳೆಯಬೇಕೆಂಬ ವಿಚಾರವೂ ಹೊಸದಲ್ಲ. ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ನೇತೃತ್ವದ ಕಾರ್ಯಪಡೆ 2008ರಲ್ಲೇ ಈ ಬಗ್ಗೆ ವರದಿ ಕೊಟ್ಟಿದೆ. ಚೆಕ್ ಅಮಾನ್ಯವನ್ನು ಅಪರಾಧವನ್ನಾಗಿಸಿದ 1988ರ ತಿದ್ದುಪಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳನ್ನು ಹೇಗೆ ತುಂಬಿಸಿತು ಎಂಬುದು ಇಲ್ಲಿರುವ ಪ್ರತಿಯೊಬ್ಬ ವಕೀಲರಿಗೂ ಗೊತ್ತು. ನಮ್ಮದೇ ಭೂಕಬಳಿಕೆ ನಿಷೇಧ ಕಾಯ್ದೆ ಇನ್ನೊಂದು ಪಾಠ. ಹೆಸರಿನಲ್ಲಿ 2011 ಇದೆ. ಒಪ್ಪಿಗೆ ಸಿಕ್ಕು ಕಾಯ್ದೆಯಾದದ್ದು 2014ರಲ್ಲಿ. ವಿಶೇಷ ನ್ಯಾಯಾಲಯ ಕೆಲಸ ಆರಂಭಿಸಿದ್ದು 2016ರಲ್ಲಿ. ಈ ನಡುವೆ ಕೆರೆಯಂಗಳದ ಮೇಲೆ ಎದ್ದ ಗೋಡೆಗಳು ಯಾರಿಗೂ ಕಾಯಲಿಲ್ಲ.

ಈ ಗೋಷ್ಠಿಯಲ್ಲಿ ಒಬ್ಬ ವ್ಯಕ್ತಿಯ ಬಗ್ಗೆ ಚರ್ಚೆ ನಡೆಯಬೇಕೆಂಬುದು ನನ್ನ ವಿಶೇಷ ಆಸೆ. ಆತ ಕೋರ್ಟ್ ಪಿ.ಸಿ. ಪ್ರತಿ ಠಾಣೆಯಿಂದ ಕೋರ್ಟಿನ ಕೆಲಸಕ್ಕೆಂದೇ ನೇಮಿಸಿದ ಕಾನ್‌ಸ್ಟೆಬಲ್. ಬೆಳಿಗ್ಗೆ ಹತ್ತೂವರೆಗೆ ಬಗಲಿನಲ್ಲಿ ಬ್ಯಾಗು, ಕೈಯಲ್ಲಿ ಉದ್ದನೆಯ ಡೈರಿ ಹಿಡಿದು ಬರುತ್ತಾನೆ. ಒಂದು ಹಾಲಿನಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಬೇಕು, ಇನ್ನೊಂದರಲ್ಲಿ ಜಾರಿಯಾಗದ ವಾರಂಟಿಗೆ ಕಾರಣ ಹೇಳಬೇಕು, ಮೂರನೆಯದರ ಹೊರಗೆ ಹೆದರಿ ನಿಂತ ಸಾಕ್ಷಿಗೆ ಸಮಾಧಾನ ಹೇಳಬೇಕು, ಸರ್ಕಾರಿ ಅಭಿಯೋಜಕರಿಗೆ ಕಡತ ಒದಗಿಸಬೇಕು, ಮುದ್ದೆಮಾಲು ಹೊತ್ತು ತರಬೇಕು. ಮುಂದಿನ ದಿನಾಂಕವನ್ನು ಡೈರಿಯಲ್ಲಿ ತಪ್ಪಾಗಿ ಬರೆದರೆ ಒಂದು ವಿಚಾರಣೆಯೇ ಮುಂದಕ್ಕೆ ಹೋಗುತ್ತದೆ. ಊರಿನಲ್ಲಿ ಬಂದೋಬಸ್ತ್ ಬಿದ್ದ ದಿನ ಆತನನ್ನೂ ಅಲ್ಲಿಗೆ ಎಳೆಯುತ್ತಾರೆ, ಆ ದಿನ ಇಲ್ಲಿ ಸಮನ್ಸ್ ಹಾಗೇ ಉಳಿಯುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧನೆಯ ವೇಳೆ ವಿಡಿಯೋ ಚಿತ್ರೀಕರಣ ಕಡ್ಡಾಯವೆಂದಿದೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದಿದೆ. ಕಾನೂನು ಸಂಸತ್ತಿನದು, ದುಡ್ಡು ಮತ್ತು ಜನ ರಾಜ್ಯದವು. ಅದಕ್ಕೆ ಅನುದಾನ ಕೊಡುವ ಮತವೂ ಶಾಸಕರದೇ. ಗೃಹ ಇಲಾಖೆಯ ಬೇಡಿಕೆಗಳ ಮೇಲಿನ ಚರ್ಚೆಯಲ್ಲಿ ಈ ಕೋರ್ಟ್ ಪಿ.ಸಿ.ಯ ಮಾತು ಬರಬೇಕು.

ಮತವೇ ಇಲ್ಲದೆ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿ ಉದಾಹರಣೆಯಿದೆ. 2016ರ ಮಾರ್ಚ್‌ನಲ್ಲಿ ಸರ್ಕಾರಿ ಆದೇಶವೊಂದರಿಂದ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿತು, ಲೋಕಾಯುಕ್ತ ಪೊಲೀಸರ ಅಧಿಕಾರ ಅದಕ್ಕೆ ಹೋಯಿತು. ಸದನದಲ್ಲಿ ವಿಧೇಯಕ ಬರಲಿಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಆರು ವರ್ಷಗಳ ತನಿಖೆಗಳನ್ನು ಲೋಕಾಯುಕ್ತಕ್ಕೆ ಮರಳಿ ಸಾಗಿಸಬೇಕಾಯಿತು. ಸದನವನ್ನು ಬದಿಗಿಟ್ಟು ಉಳಿಸಿದ ಸಮಯ ಕೊನೆಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಸಂಶೋಧಕರು ಲೆಕ್ಕ ಹಾಕಬೇಕು.

ಸದನ ಚುರುಕಾಗಿ ಸ್ಪಂದಿಸಿದ್ದೂ ಇದೆ. ಚಿಕ್ಕಮಗಳೂರಿನಲ್ಲಿ ಯುವ ವಕೀಲರೊಬ್ಬರ ಮೇಲೆ ಪೊಲೀಸರಿಂದ ಹಲ್ಲೆಯಾಯಿತೆಂಬ ದೂರಿನ ಬೆನ್ನಿಗೇ, 2023ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ವಕೀಲರ ಮೇಲಿನ ಹಿಂಸೆ ತಡೆಯುವ ವಿಧೇಯಕ ಅಂಗೀಕಾರವಾಯಿತು. ನನಗೆ ಅದು ಸಂತೋಷದ ವಿಷಯ. ಆದರೆ ವಕೀಲರಿಗೆ ಸಂಘವಿದೆ, ಅವರು ಕಲಾಪ ಬಹಿಷ್ಕರಿಸಬಲ್ಲರು, ಅವರ ದನಿ ವಿಧಾನಸೌಧಕ್ಕೆ ಕೇಳಿಸಿತು. ಗೃಹರಕ್ಷಕನಿಗೆ ಅದೂ ಇಲ್ಲ. ಚುನಾವಣೆಯಲ್ಲೂ ನೆರೆಯಲ್ಲೂ ಪೊಲೀಸರ ಪಕ್ಕದಲ್ಲೇ ನಿಲ್ಲುವ ಆತನಿಗೆ ಕೊಡುವ ದಿನಭತ್ಯೆ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದು ಹೇಳಿದ್ದು ಯಾವ ಶಾಸನಸಭೆಯೂ ಅಲ್ಲ, 2015ರಲ್ಲಿ ಸುಪ್ರೀಂ ಕೋರ್ಟ್.

ಹಾಗಾದರೆ ಏನು ಕೇಳಬೇಕು? ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ಕಾಯ್ದೆ ಮಾಡಿದ್ದು ನಮ್ಮ ವಿಧಾನಮಂಡಲವೇ. ಆ ಮಾತು ಈಡೇರದ ವರ್ಷಗಳೇ ಹೆಚ್ಚು. ಮೊದಲು ಅದನ್ನು ಪಾಲಿಸಲಿ. ನ್ಯಾಯಾಲಯ ಮತ್ತು ಸುರಕ್ಷತಾ ನೌಕರರಿಗೆ ಸಂಬಂಧಿಸಿದ ಪ್ರತಿ ವಿಧೇಯಕ ಸದನ ಸಮಿತಿಗೆ ಹೋಗಲಿ, ಅಲ್ಲಿ ಹೈಕೋರ್ಟಿನ ಅಭಿಪ್ರಾಯದ ಜೊತೆಗೆ ಠಾಣೆಯ ಕೆಳಹಂತದವರ ಮಾತನ್ನೂ ಗುಟ್ಟಾಗಿಯಾದರೂ ಕೇಳಲಿ. ಸಮಿತಿಯ ಮುಂದೆ ಹೇಳಿದ್ದಕ್ಕೆ ಯಾರ ಮೇಲೂ ಶಿಸ್ತುಕ್ರಮ ಬೇಡ. ಕೊನೆಯ ಮತ ಹೆಸರು ಸಮೇತ ದಾಖಲಾಗಲಿ. ವಿಪ್‌ನ ಅಡ್ಡಿ ಇದೆಯಲ್ಲ ಎಂದರೆ, ವಿಪ್ ಸರ್ಕಾರದ ಅಳಿವು ಉಳಿವಿಗೂ ಪ್ರಮುಖ ನೀತಿಗಳಿಗೂ ಸೀಮಿತವಾಗಿರುವುದು ಒಳ್ಳೆಯದೆಂದು 1992ರ ಕಿಹೋಟೋ ಹೊಲ್ಲೊಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ಠಾಣಾಧಿಕಾರಿ ಎಷ್ಟು ದಿನ ಒಂದೇ ಠಾಣೆಯಲ್ಲಿ ಇರಬೇಕೆಂಬ ಪ್ರಶ್ನೆಗೆ ಪಕ್ಷದ ಆಜ್ಞೆ ಬೇಕಿಲ್ಲ.

ಎರಡು ದಿನಗಳ ಈ ಚರ್ಚೆಯಿಂದ ಪ್ರಬಂಧಗಳ ಸಂಪುಟವೊಂದು ಹೊರಬರುತ್ತದೆ ಎಂದು ಕೇಳಿದ್ದೇನೆ. ಅದು ಗ್ರಂಥಾಲಯ ಸೇರುವ ಮುಂಚೆ, ಇಲ್ಲಿ ಒಪ್ಪಿತವಾದ ಅಂಶಗಳನ್ನು ನಾಲ್ಕು ಪುಟ ಮೀರದಂತೆ, ಸರಳ ಕನ್ನಡದಲ್ಲಿ ಬರೆದು ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಸದಸ್ಯರಿಗೂ ಕಳುಹಿಸಿ. ಇಲ್ಲಿರುವ ವಿದ್ಯಾರ್ಥಿಗಳು ತಮ್ಮ ತಮ್ಮ ಕ್ಷೇತ್ರದ ಶಾಸಕರನ್ನು ಖುದ್ದಾಗಿ ಕಂಡು, ಮುಂದಿನ ಅಧಿವೇಶನದಲ್ಲಿ ಇಂತಹ ವಿಧೇಯಕ ಬಂದಾಗ ಮತ ವಿಭಜನೆ ಕೇಳುತ್ತೀರಾ ಎಂದು ವಿಚಾರಿಸಿ. ಅವರು ಕೊಟ್ಟ ಉತ್ತರವನ್ನು ಬರೆದಿಟ್ಟುಕೊಳ್ಳಿ.